ನಾಲ್ಕನೇ ಗುಂಡಿಯ ಕೊಂಡಿ

ಮೂರನೇ ಕೊಡವನ್ನು ಬಗ್ಗಿಸಿದಾಗ ಗುಂಡಿ ಎಂದಿನಂತೆ ಗುಳುಗುಳು ಕುಡಿಯದೆ, ಬಾಯಿ ತುಂಬ ನೀರು ಇಟ್ಟುಕೊಂಡು ಹೀರಾಳ ಮುಖವನ್ನೇ ನೋಡುತ್ತ ಕೂತಿತು. ಅವಳು ಖಾಲಿ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಕಾದಳು. ಕಾಯುವುದು ಅವಳ ಕೆಲಸದ ಅರ್ಧ ಪಾಲು. ಹಾರವಾಡದ ಆಚೆ, ಹೆದ್ದಾರಿಗೂ ಸಮುದ್ರಕ್ಕೂ ನಡುವೆ ನಾರುತ್ತ ನಿಂತ ಈ ಮೀನೆಣ್ಣೆ ಕಾರ್ಖಾನೆಯಲ್ಲಿ ಅರ್ತಿಂಗ್ ಗುಂಡಿಗಳು ಒಟ್ಟು ಆರು. ಯಂತ್ರಗಳಲ್ಲಿ ದಾರಿ ತಪ್ಪಿದ ಕರೆಂಟು, ಆಕಾಶದಿಂದ ಹೇಳದೆ ಕೇಳದೆ ಬಂದ ಸಿಡಿಲು, ಎಲ್ಲವೂ ತಾಮ್ರದ ಪಟ್ಟಿ ಹಿಡಿದು ಬಂದು ಈ ಗುಂಡಿಗಳಲ್ಲಿ ಇಳಿದು ಭೂಮಿಗೆ ಸೇರಿಹೋಗಬೇಕು. ಮಣ್ಣು ಒಣಗಿದರೆ ಇಳಿಯುವುದಿಲ್ಲ. ಆದ್ದರಿಂದ ಮಳೆ ಬೀಳುವವರೆಗೆ ದಿನಕ್ಕೆ ಒಂದೊಂದಕ್ಕೆ ಎರಡು ಕೊಡ ನೀರು. ರಿಜಿಸ್ಟರಿನಲ್ಲಿ ಅವಳು ಎರಡು ಎಂದೇ ಬರೆಯುತ್ತಿದ್ದಳು. ನಾಲ್ಕನೆಯದಕ್ಕೆ ಮಾತ್ರ ಒಂದೂವರೆ ವರ್ಷದಿಂದ ಮೂರು ಹಾಕುತ್ತಿದ್ದಳು. ಹರಕೆ ಹೊತ್ತವರು ದೀಪಕ್ಕೆ ಎಣ್ಣೆ ಹೆಚ್ಚು ಹಾಕುವುದಿಲ್ಲವೇ, ಹಾಗೆ. ಆದರೆ ದೇವರಾದರೆ ಒಂದು ದಿನ ಸಿಟ್ಟಾಗುತ್ತಾನೆ, ಒಂದು ದಿನ ಹೂ ಬೀಳಿಸುತ್ತಾನೆ. ಗುಂಡಿಗೆ ಸಿಟ್ಟೂ ಇಲ್ಲ, ಕ್ಷಮೆಯೂ ಇಲ್ಲ, ಕುಡಿದು ಸುಮ್ಮನಾಗುತ್ತದೆ. ಬದುಕಿದ್ದಷ್ಟು ದಿನ ಅವಳ ಗಂಡನೂ ಹಾಗೆಯೇ ಇದ್ದ.

ಗುಂಡಿಯ ಕಟ್ಟೆಯ ಮೇಲೆ ಯಾರೋ ದಾಸವಾಳದ ಹೂ ಇಟ್ಟಿದ್ದರು. ಲಾರಿಯವರ ಕೆಲಸ. ನೀರು ಹಾಕುವ ಹೆಂಗಸು, ಸಿಮೆಂಟಿನ ಕಟ್ಟೆ, ಮೇಲೆ ಹಳದಿ ಬಣ್ಣ: ಒಳಗೆ ನಾಗನಿದ್ದಾನೆಂದು ಕೈಮುಗಿದು ಹೋಗುತ್ತಿದ್ದರು. ಹೀರಾ ಅವರನ್ನು ತಿದ್ದಲು ಹೋಗಿರಲಿಲ್ಲ. ತಿದ್ದುವುದಕ್ಕೆ ತಾನು ಯಾರು? ಹೂವನ್ನು ಎತ್ತಿ ಮುಡಿಗೆ ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಹೊಸ ಇಲೆಕ್ಟ್ರಿಷಿಯನ್ ಸಂದೇಶ ಮೀಟರಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ. ಡಿಪ್ಲೊಮಾ ಮಾಡಿದವ, ಕಾರವಾರದವ, ಮಾತಾಡುವಾಗ ಒಂದು ಕೈ ಸದಾ ಕಿಸೆಯ ಮೊಬೈಲಿನ ಮೇಲೆ.

"ಮಾವ್ಶಿ, ಸರೀರಿ ಸ್ವಲ್ಪ. ಮಳೆಗೆ ಮುಂಚೆ ಟೆಸ್ಟ್ ಮಾಡುಕದೆ."

"ಮಾಡು. ಗುಂಡಿ ಎಂತ ಓಡಿ ಹೋಗ್ತದ್ಯ?"

ಅವನು ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ತೆಗೆದ. ಕಂಟ್ರೋಲ್ ರೂಮಿನಿಂದ ಬಂದ ತಾಮ್ರದ ಪಟ್ಟಿಗೂ ಗುಂಡಿಯಿಂದ ಎದ್ದ ಪಟ್ಟಿಗೂ ನಡುವೆ ಗೇಣುದ್ದದ ಒಂದು ಕೊಂಡಿ, ಎರಡು ಬೋಲ್ಟು. ಗುಂಡಿಯನ್ನು ಅಳೆಯಬೇಕಾದರೆ ಕೊಂಡಿ ಬಿಚ್ಚಬೇಕು. ಅಳೆದ ಮೇಲೆ ಮತ್ತೆ ಹಾಕಬೇಕು. ಅಷ್ಟೇ ವಿದ್ಯೆ. ಅವನು ಬಿಚ್ಚಿದ ಕೊಂಡಿಯನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡ. ಹೀರಾ ಅದನ್ನು ನೋಡದಿರಲು ಸಮುದ್ರವನ್ನು ನೋಡಿದಳು.

"ಮಾವ್ಶಿ, ಆ ಜಟ್ಟಪ್ಪ ಅಂಬವ್ರ ಪರಿಚಯ ಉಂಟಾ ನಿಮ್ಗೆ? ನಂಗಿಂತ ಮುಂಚೆ ಇದ್ದವ್ರು?"

"ಉಂಟು."

"ಸೋಮವಾರ ಅವ್ರ ಮೇಲಿನ ಕೇಸಿನ ಕಡೇ ವಿಚಾರಣೆ. ನನ್ನೂ ಕರೆದಿದ್ದಾರೆ, ಈ ಕೊಂಡಿ ಹಾಕದೆ ಬಿಟ್ರೆ ಎಂತ ಆಗ್ತದೆ ಅಂತ ಹೇಳುಕೆ. ಹೇಳೂದೆಂತ? ಕಂಟ್ರೋಲ್ ಪ್ಯಾನೆಲಿನ ಒಳಗಿನ ನೀಲಿ ಡಬ್ಬಿಗಳೆಲ್ಲ ಹೆಚ್ಚಾದ ಕರೆಂಟನ್ನ ಇಲ್ಲಿಗೆ ದೂಡ್ತವೆ. ಇಲ್ಲಿ ಬಾಗ್ಲು ಹಾಕಿದ್ರೆ ಅದು ತಿರುಗಿ ಒಳಗೇ ಹೊಕ್ಕಿ ಸುಡ್ತದೆ. ಜಟ್ಟಪ್ಪನೋರು ಒಪ್ಕಣ್ತಾರಂತೆ, ಕೊಂಡಿ ಹಾಕುಕೆ ಮರ್ತೆ ಅಂತ. ಕಿಶನ ಸಾಹೇಬ್ರು ಹೇಳ್ತಿದ್ರು."

"ಎಂತ ಒಪ್ಕಣ್ತಾನೆ?" ಹೀರಾಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು.

"ಮರ್ತೆ ಅಂತ."

ಮರೆತೆ! ಮರೆಯುವವನೇ ಅವನು? ಸಮುದ್ರದ ದಂಡೆಯ ಟ್ಯಾಂಕುಗಳಿಂದ ಕಂಟ್ರೋಲ್ ರೂಮಿನವರೆಗೆ ಮುನ್ನೂರು ಮೀಟರ್ ಕೇಬಲ್ ಎಳೆಯುವಾಗ ಜಟ್ಟಪ್ಪ ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿದ್ದ, ತೊಟ್ಟಿಲ ಮಕ್ಕಳಿಗೆ ಹೆಸರಿಟ್ಟ ಹಾಗೆ. ತಂತಿಗಳ ಮೇಲೆ ಬೆಳ್ಳಿಯ ಬಲೆಯಂಥ ಹೊದಿಕೆ ಇರುತ್ತದೆ. ಅದನ್ನು ಒಂದೇ ತುದಿಯಲ್ಲಿ ಅರ್ತಿಗೆ ಕಟ್ಟಬೇಕು, ಎರಡೂ ತುದಿಯಲ್ಲಿ ಕಟ್ಟಬಾರದು ಎಂದು ಅವನು ವಿವರಿಸಿದಾಗ ಹೀರಾ ಪೊರಕೆ ನಿಲ್ಲಿಸಿ ಕೇಳಿದ್ದಳು, ಎರಡು ಕಡೆ ಕಟ್ಟಿದರೆ ಇನ್ನೂ ಗಟ್ಟಿಯಲ್ಲವೇ? "ಗಟ್ಟಿ ಅಲ್ಲ ಹೀರಕ್ಕ, ಗೊಣಗ್ತದೆ. ಈ ಕಡೆ ಭೂಮಿ ಬೇರೆ, ಆ ಕಡೆ ಭೂಮಿ ಬೇರೆ. ನಡುವೆ ಸಿಕ್ಕಿ ಮೀಟರೆಲ್ಲ ಸುಳ್ಳು ಹೇಳ್ತದೆ." ಹೀರಾಳಿಗೆ ತಟ್ಟನೆ ಅರ್ಥವಾಗಿತ್ತು. ಅವಳ ಗಂಡನಿಗೂ ಹಾರವಾಡದಲ್ಲಿ ಒಂದು ಸಂಸಾರ, ಸದಾಶಿವಗಡದಲ್ಲಿ ಒಂದು ಸಂಸಾರ ಇತ್ತು. ಕುಡಿಯದ ಹೊತ್ತೆಲ್ಲ ಸಾಯುವವರೆಗೂ ಗೊಣಗುತ್ತಲೇ ಇದ್ದ, ಹೇಳಿದ್ದರಲ್ಲಿ ಒಂದೂ ನಿಜ ಇರಲಿಲ್ಲ. ಅದನ್ನು ಹೇಳಿದಾಗ ಜಟ್ಟಪ್ಪ ಏಣಿಯ ಮೇಲಿಂದ ಬೀಳುವಷ್ಟು ನಕ್ಕಿದ್ದ. ಅಂದಿನಿಂದ ಅವನು ಅವಳಿಗೆ ಒಂದೊಂದೇ ಹೇಳಿಕೊಡುತ್ತ ಹೋದ. ತಾಮ್ರಕ್ಕೆ ತಾಮ್ರ ಮುಟ್ಟಬೇಕು ಎಂದೂ ಹೇಳಿದ್ದ. ಹೇಳಿದ್ದನೆ? ಹೇಳಿದ್ದ. ಅವಳಿಗೆ ಕೇಳಿಸಿತ್ತು, ಸಾರಿಗೆ ಉಪ್ಪು ಹಾಕಬೇಕು ಎಂದು ಕೇಳಿಸಿದ ಹಾಗೆ, ಇದರಲ್ಲಿ ಹೇಳುವುದೇನು ಎಂಬ ಹಾಗೆ.

ಎರಡು ಸಾವಿರದ ನಾಲ್ಕರ ಆಯುಧಪೂಜೆಗೆ ಗೋವಾದ ಹೆಡ್ಡಾಫೀಸಿನಿಂದ ದೊಡ್ಡವರು ಬರುವವರಿದ್ದರು. ಸೂಪರ್‌ವೈಸರ್ ಕಿಶನ ಸಾಹೇಬರು ಕಟಾಂಜನಕ್ಕೆ ಹಸಿರು ಬಣ್ಣ ಬಳಿಯಲು ಹೇಳಿದ್ದರು. ಕಟಾಂಜನ ಮುಗಿಯಿತು, ಬಣ್ಣ ಮುಗಿಯಲಿಲ್ಲ. ಉಳಿದ ಬಣ್ಣ ಅಂದರೆ ಹೀರಾಳಿಗೆ ಉಳಿದ ಅನ್ನವಿದ್ದಂತೆ. ಚೆಲ್ಲಲು ಕೈ ಬಾರದು. ಅಳತೆಯೆಲ್ಲ ಮುಗಿಸಿ ಜಟ್ಟಪ್ಪ ಕೊಂಡಿಗಳನ್ನು ಬಿಗಿದು, ರಿಜಿಸ್ಟರಿನಲ್ಲಿ ಸಹಿ ಮಾಡಿ, ಪೂಜೆಯ ಸಾಮಾನಿಗೆ ಅಂಕೋಲೆಗೆ ಹೋಗಿದ್ದ. ನಾಲ್ಕನೇ ಗುಂಡಿಯ ಕೊಂಡಿ ಕಿಲುಬು ಹತ್ತಿ ಕಾಣುತ್ತಿತ್ತು. ದೊಡ್ಡವರು ಬರುವ ದಾರಿಯಲ್ಲೇ ಇತ್ತು ಅದು. ಅವಳು ಸ್ಪ್ಯಾನರ್ ತಂದು ಬಿಚ್ಚಿದಳು, ಏಕೆಂದರೆ ಬಿಚ್ಚದೆ ಮೇಲೆ ಮೇಲೆ ಬಳಿಯುವುದು ಕಳ್ಳಕೆಲಸ. ಹುಣಸೆಹಣ್ಣು ಹಾಕಿ ತಿಕ್ಕಿದಳು. ತಾಮ್ರ ಮದುಮಗಳ ಕೆನ್ನೆಯಾಯಿತು. ಎಂಟು ದಿನಕ್ಕೆ ಮತ್ತೆ ಕಿಲುಬುತ್ತದಲ್ಲ ಎಂದು ಎರಡೂ ಮೈಗೆ, ಅಂಚಿಗೆ, ತೂತಿನ ಒಳಗೆ, ಎರಡೆರಡು ಸಲ ಹಸಿರು ಬಳಿದಳು. ಪಟ್ಟಿಯ ತುದಿಗಳಿಗೂ ಬಳಿದಳು. ಬೋಲ್ಟು, ನಟ್ಟು, ವಾಷರುಗಳನ್ನು ಬಣ್ಣದಲ್ಲಿ ಅದ್ದಿ, ತಂತಿಗೆ ಪೋಣಿಸಿ, ಮೀನು ಒಣಹಾಕಿದಂತೆ ಬಿಸಿಲಿಗೆ ಹಾಕಿದಳು. ಒಣಗಿದ ಮೇಲೆ ಮೊದಲಿದ್ದಂತೆ ಜೋಡಿಸಿದಳು. ತುಳಸಿಕಟ್ಟೆಗೂ ಅವಳು ಇಷ್ಟು ಶ್ರದ್ಧೆಯಿಂದ ಬಣ್ಣ ಬಳಿದಿರಲಿಲ್ಲ. ತನ್ನಿಂದ ತಾನೇ ಹಸಿರಾಗುವ ತಾಮ್ರಕ್ಕೆ ದುಡಿದು ದುಡಿದು ಹಸಿರು ಬಳಿದವಳು ಇಡೀ ತಾಲೂಕಿನಲ್ಲಿ ತಾನೊಬ್ಬಳೇ ಇರಬೇಕು. ಪೂಜೆಯ ದಿನ ಗೋವಾದ ಸಾಹೇಬರು ಸುತ್ತಲೂ ನೋಡಿ, ಎಲ್ಲರೆದುರು, "ಹೀರಾಬಾಯಿಂದ ಕಲಿಯಿರಿ" ಎಂದು ಸ್ವಚ್ಛತೆಯ ಬಹುಮಾನವಾಗಿ ಅವಳಿಗೆ ಮುಚ್ಚಳದ ಸ್ಟೀಲ್ ಡಬ್ಬಿ ಕೊಟ್ಟರು. ಜಟ್ಟಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ. ಈಗಲೂ ನಿದ್ದೆ ಹತ್ತುವಾಗ ಕೇಳಿಸುವುದು ಸಿಡಿಲಲ್ಲ, ಆ ಚಪ್ಪಾಳೆ.

ಸಿಡಿಲು ಬಂದದ್ದು ಹತ್ತು ದಿನಗಳ ಮೇಲೆ, ಮಧ್ಯಾಹ್ನದ ಚಹಾ ಹೊತ್ತಿಗೆ. ಟ್ಯಾಂಕಿನ ಹತ್ತಿರ ಎಲ್ಲೋ ಬಿತ್ತು. ಕೇಬಲ್ ಹಿಡಿದು ಓಡಿ ಬಂದು, ಹೋಗಲು ದಾರಿ ಕಾಣದೆ, ಕಂಟ್ರೋಲ್ ಪ್ಯಾನೆಲನ್ನೇ ಸುಟ್ಟಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಕುದಿಸುವ ಹಂಡೆಗಳ ಬಾಯಿ ತೆರೆಯದೆ ಎಂಟು ಲಾರಿ ತಾರ್ಲೆ ಮೀನು ಮೂರು ದಿನ ತೊಟ್ಟಿಯಲ್ಲೇ ಕೊಳೆಯಿತು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರಂತೆ. ಮರುದಿನ ಬೆಳಿಗ್ಗೆ ನೀರು ಹಾಕಲು ಹೋದವಳು ಕೊಂಡಿಯ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ನೋಡಿದಳು. ಹಸಿರು ಬಣ್ಣದಲ್ಲಿ ಒಂದು ಸುಟ್ಟ ತೂತು. ಅಷ್ಟು ದೊಡ್ಡ ಸಿಡಿಲು ಇಷ್ಟೇ ಇಷ್ಟು ಜಾಗದಲ್ಲಿ ನುಸುಳಲು ನೋಡಿ ಸೋತು ತಿರುಗಿತ್ತು. ತಾಮ್ರಕ್ಕೆ ತಾಮ್ರ ಮುಟ್ಟಬೇಕು. ಆಗ ಅವಳಿಗೆ ಆ ಮಾತು ಕೇಳಿಸಿತು. ಕೊಂಡಿಯನ್ನು ಬಿಚ್ಚಿ, ಬೋಲ್ಟುಗಳ ಸಮೇತ ಕೊಡದೊಳಗೆ ಹಾಕಿಕೊಂಡಳು. ಕೆಟ್ಟ ಉದ್ದೇಶವಿರಲಿಲ್ಲ, ಮನೆಗೆ ಒಯ್ದು ಬಣ್ಣ ಕೆರೆದು ಊಟದ ಹೊತ್ತಿಗೆ ತಂದು ಹಾಕಿಬಿಡುವುದು, ಅಷ್ಟೇ. ಊಟದ ಹೊತ್ತಿಗೆ ಬಂದರೆ ಗೋವಾದಿಂದ ಬಂದವರು ಗುಂಡಿಯ ಸುತ್ತ ಹಗ್ಗ ಕಟ್ಟಿ, ಕೊಂಡಿಯಿಲ್ಲದ ಖಾಲಿ ತೂತುಗಳ ಫೋಟೊ ತೆಗೆಯುತ್ತಿದ್ದರು. ಪಟ್ಟಿಯ ತುದಿಯ ಹಸಿರನ್ನು ಅವರು ನೋಡಲಿಲ್ಲವೇ? ನೋಡಿದರು. ಇಲ್ಲಿ ಎಲ್ಲದಕ್ಕೂ ಹಸಿರು ಬಳಿದಿದೆ ಎಂದುಕೊಂಡು, ಅದನ್ನು ಕೆರೆದು ಹೊಸ ಕೊಂಡಿ ಹಾಕಿದರು. ಅಳತೆಗೆ ಬಿಚ್ಚಿದ ಕೊಂಡಿಯನ್ನು ತಿರುಗಿ ಹಾಕದೆಯೇ, ಎಲ್ಲ ಸರಿಯಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಮಾಡಿದ ಆರೋಪದ ಮೇಲೆ ಜಟ್ಟಪ್ಪನನ್ನು ಸಂಜೆಯೊಳಗೆ ಗೇಟಿನ ಹೊರಗೆ ಕಳಿಸಿದರು. ಹೋಗುವಾಗ ಅವನು ಹೀರಾಳಿಗೆ, "ಗುಂಡಿಗೆ ನೀರು ಹಾಕೂದು ಬಿಡಬೇಡ" ಎಂದಿದ್ದ.

"ಒಂದು ಪಾಯಿಂಟ್ ಎರಡು ಓಮ್," ಎಂದ ಸಂದೇಶ, ಮೀಟರಿನಿಂದ ತಲೆಯೆತ್ತಿ. "ಮಸ್ತ್ ಅದೆ ಮಾವ್ಶಿ ನಿಮ್ಮ ಗುಂಡಿ. ಇಷ್ಟೊತ್ತಿಗೆ ಅಳೆದ ನಾಕರಲ್ಲಿ ಇದೇ ಚೊಲೊ."

"ಕೊಂಡಿ ಹಾಕು ಮೊದ್ಲು."

"ಹಾಕ್ತೆ, ಹಾಕ್ತೆ."

"ನಾ ನೋಡೂವಾಗ್ಲೇ ಹಾಕು. ಬಿಗಿ. ಇನ್ನೊಂದು ಸುತ್ತು."

ಅವನು ನಗುತ್ತ ಬಿಗಿದ. ಹೀರಾ ಬಗ್ಗಿ ಬೋಲ್ಟಿನ ತಲೆಯನ್ನು ಉಗುರಿನಿಂದ ಗೀರಿ ನೋಡಿದಳು. ಆಮೇಲೆ ಕಿಶನ ಸಾಹೇಬರ ಬಾಗಿಲಲ್ಲಿ ನಿಂತು ಅರ್ಧ ದಿನದ ರಜೆ ಕೇಳಿದಳು. ಹದಿನಾಲ್ಕು ವರ್ಷಗಳಲ್ಲಿ ಅವಳು ರಜೆ ಕೇಳಿದ್ದು ಗಂಡ ಸತ್ತಾಗ ಒಮ್ಮೆ. ಅದೂ ಎರಡು ಮನೆಯವರು ಅಳುವುದು ಮುಗಿಯಲಿಲ್ಲವೆಂದು.

"ಎಂತಕೆ? ಆರಾಮಿಲ್ವಾ?"

"ಜ್ವರ," ಎಂದಳು.

ನಲವತ್ತೆರಡನೇ ವಯಸ್ಸಿನಲ್ಲಿ ಸಂಜೆ ಶಾಲೆಯಲ್ಲಿ ಕಲಾವತಿ ಬಾಯೋರು ಅವಳಿಗೆ ಕಲಿಸಿದ್ದು ಎರಡು ಪತ್ರ: ರಜೆಯ ಅರ್ಜಿ ಮತ್ತು ತವರಿಗೆ ಕ್ಷೇಮ ಸಮಾಚಾರ. ತಪ್ಪೊಪ್ಪಿಗೆಯ ಪತ್ರ ಪಾಠದಲ್ಲಿ ಇರಲಿಲ್ಲ. ಆದ್ದರಿಂದ ವಿಚಾರಣೆಗೆ ಕಂಪನಿ ನೇಮಿಸಿದ ಕಾರವಾರದ ವಕೀಲ ಸಾಹೇಬರಿಗೆ ಹೋದ ವರ್ಷ ಅವಳು ಬರೆದ ಮೊದಲನೆಯ ಪತ್ರ "ನಾವೆಲ್ಲರೂ ಇಲ್ಲಿ ಕ್ಷೇಮ" ಎಂದು ಶುರುವಾಗಿ, ಸುಟ್ಟ ಪ್ಯಾನೆಲಿನ ಸುದ್ದಿಗೆ ಬರುವಷ್ಟರಲ್ಲಿ ನಗೆಪಾಟಲಾಗಿತ್ತು. ಎರಡನೆಯದು, "ವಿನಂತಿಸಿಕೊಳ್ಳುವುದೇನೆಂದರೆ ನನಗೆ ಜ್ವರ ಬಂದ ಕಾರಣ" ಎಂದು ಕೈ ತಾನಾಗಿ ಬರೆದುಬಿಟ್ಟಿತು. ಮೂರನೆಯದರಲ್ಲಿ ತಪ್ಪನ್ನು ಇಲಿಗಳ ಮೇಲೆ ಹಾಕಿದ್ದಳು. ಇಲಿಗಳು ಸ್ಪ್ಯಾನರ್ ಹಿಡಿಯುವುದಿಲ್ಲವೆಂದು ಹೊಳೆದು ಅದನ್ನೂ ಒಲೆಗೆ ಹಾಕಿದಳು. ನಾಲ್ಕನೆಯದು ಸರಿಯಾಗಿತ್ತು. ಕೊನೆಗೆ ಹೆಸರು ಬರೆಯುವ ಜಾಗದಲ್ಲಿ "ಇಂತಿ ನಿಮ್ಮ ಹಿತೈಷಿ" ಎಂದು ಬರೆದು, ಕೊಂಡಿಯನ್ನು ಜೊತೆಗಿಟ್ಟು, ದಪ್ಪ ಕಂದು ಲಕೋಟೆಗೆ ಹಾಕಿ, ಬಹುಮಾನದ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅಕ್ಷರ ಇನ್ನೂ ಸ್ವಲ್ಪ ದುಂಡಗಾದ ಮೇಲೆ ಕಳಿಸೋಣ. ಮಳೆಗಾಲ ಕಳೆಯಲಿ, ಲಕೋಟೆ ನೆನೆದರೆ ಕಷ್ಟ. ಚೌತಿ ಮುಗಿಯಲಿ. ಕೆಲಸ ಹೋಗುತ್ತದೆಂಬ ಹೆದರಿಕೆ ಒಂದು ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು. ಕಳ್ಳಿ ಎಂದರೂ ತಡೆದುಕೊಂಡಾಳು, ದಡ್ಡಿ ಎಂದರೆ? ಹೀರಾಬಾಯಿಂದ ಕಲಿಯಿರಿ ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರೆ?

ರಜೆ ಸಿಕ್ಕಿದ್ದೇ ಮನೆಗೆ ಬಂದು ಆ ಡಬ್ಬಿ ತೆರೆದಳು. ಲಕೋಟೆಯ ಅಂಟು ಒಣಗಿ ಬಾಯಿ ತಾನಾಗಿ ಬಿಟ್ಟಿತ್ತು. ಚೀಲಕ್ಕೆ ಹಾಕಿಕೊಂಡು, ಮೇಲೆ ತನ್ನ ಕೆಟ್ಟ ಮಿಕ್ಸರನ್ನು ಇಟ್ಟುಕೊಂಡಳು. ಮಿಕ್ಸರ್ ಯಾಕೆ? ಯಾರಾದರೂ ಕೇಳಿದರೆ ಹೇಳುವುದಕ್ಕೆ. ಅಂಕೋಲೆಯ ಬಸ್ಸಿನಲ್ಲಿ ಯಾರೂ ಕೇಳಲಿಲ್ಲ. ಕಂಡಕ್ಟರ್ ಅವಳ ಪಕ್ಕದಲ್ಲಿ ನಿಲ್ಲದೆ ಮೂಗು ಸರಿಸಿ ಮುಂದೆ ಹೋದ. ಹದಿನಾಲ್ಕು ವರ್ಷದ ಮೀನೆಣ್ಣೆ ಸೋಪಿಗೆ ಹೋಗುವುದಿಲ್ಲ. ಮೊದಲು ಇದು ಅವಮಾನವೆನಿಸುತ್ತಿತ್ತು. ಈಗ ಕೂರಲು ಜಾಗ ಸಿಗುತ್ತದೆ ಎನಿಸುತ್ತದೆ. ಚೀಲದೊಳಗಿನ ತಾಮ್ರ ಪ್ರತಿ ತಿರುವಿನಲ್ಲಿ ತೊಡೆಗೆ ಒತ್ತುತ್ತಿತ್ತು. ನೇರ ಪೋಸ್ಟಾಫೀಸಿಗೆ ಹೋಗುವುದು, ಎಡಬಲ ನೋಡಬಾರದು ಎಂದುಕೊಂಡಿದ್ದಳು. ಕಾಲು ಮಾತ್ರ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ಜಟ್ಟಪ್ಪ ಒಂದು ಹಲಗೆ, ಒಂದು ಸ್ಟೂಲು ಹಾಕಿಕೊಂಡು ಫ್ಯಾನು, ಮಿಕ್ಸರು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ.

"ಓಹೋ, ಹೀರಕ್ಕ! ವಾಸನೆ ಬಂತು, ಯಾರಪ್ಪ ಅಂದೆ."

"ನಿನ್ನ ಮೂಗು ಇನ್ನೂ ಅದ್ಯಲ್ಲ, ಸಾಕು. ಇದನ್ನ ನೋಡು, ತಿರಗುದಿಲ್ಲ."

ಅವನು ಮಿಕ್ಸರ್ ಬಿಚ್ಚಿದ. ಕೂದಲು ಬೆಳ್ಳಗಾಗಿತ್ತು. ಸುಟ್ಟ ತಂತಿಯೊಂದನ್ನು ಬದಲಿಸಿ, ಪ್ಲಗ್ಗಿನ ದೊಡ್ಡ ಕಾಲಿಗೆ ಅರ್ತಿನ ಹಸಿರು ತಂತಿ ಬಿಗಿದು, ಮುಚ್ಚಳ ಹಾಕಿದ. ಹಾಕಿದವನು ತಿರುಗಿ ಬಿಚ್ಚಿ ನೋಡಿದ. ಮತ್ತೆ ಹಾಕಿದ. ಅವಳಿಗೆ ಕೊಡಲು ಕೈ ನೀಡಿ, ಹಿಂದಕ್ಕೆ ಎಳೆದುಕೊಂಡು, ಮೂರನೇ ಸಲ ಬಿಚ್ಚಿದ.

"ಎಂತದು ಮಾರಾಯಾ ಅದು, ಹೆಣ್ಣು ನೋಡ್ದಂಗೆ ಎಷ್ಟು ಸಲ ನೋಡೂದು?"

ಜಟ್ಟಪ್ಪ ನಗಲಿಲ್ಲ. "ನನ್ನ ಕೈ ಮೇಲೆ ನಂಗೇ ನಂಬ್ಗೆ ಇಲ್ಲ ಹೀರಕ್ಕ. ಒಂದು ವರ್ಷ ಹೇಳೇ ಹೇಳಿದೆ, ಕೊಂಡಿ ಹಾಕಿದ್ದೆ, ಹಾಕಿದ್ದೆ ಅಂತ. ಕೇಳ್ದವ್ರೆಲ್ಲ ಫೋಟೊ ತೋರ್ಸಿದ್ರು. ಈಗ ಕಣ್ಣು ಮುಚ್ಚಿದ್ರೆ ಬಿಚ್ಚಿದ್ದು ಕಾಣ್ತದೆ. ಹಾಕಿದ್ದು ಕಾಣುದಿಲ್ಲ."

"ಹಾಕಿದ್ದೆ ನೀನು."

"ಸೋಮವಾರ ಮರ್ತೆ ಅಂತ ಸಹಿ ಮಾಡಿ ಬತ್ತೆ. ಮುಗೀಲಿ."

"ಹಾಕಿದ್ದೆ ಅಂದೆ ನಾನು! ಬಿಗಿದಿದ್ದೆ. ನಾ ನೋಡಿದ್ದೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಎಷ್ಟೊಂದು ಪ್ರೀತಿಯಿತ್ತೆಂದರೆ ಅವಳಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. "ನೀ ಒಳ್ಳೇದಕ್ಕೆ ಹೇಳ್ತೆ. ನನ್ನ ಸಲುವಾಗಿ ಸುಳ್ಳು ಸಾಕ್ಷಿ ಹೇಳುಕೆ ಹೋಗ್ಬೇಡ ಮಾರಾಯ್ತಿ, ನಿನ್ನ ಕೆಲ್ಸನೂ ಹೋದೀತು. ತಕ, ಮಿಕ್ಸರ್. ಅಲ್ಲ, ಇರು, ಇನ್ನೊಂದು ಸಲ ನೋಡ್ತೆ."

ನಿಜವನ್ನು ಹೇಳಿಯೂ ಹೇಳದ ಹಾಗಾಗಿತ್ತು. ಚೀಲದಿಂದ ಕೊಂಡಿ ತೆಗೆದು ಹಲಗೆಯ ಮೇಲೆ ಕುಟ್ಟಿದರೆ ಮುಗಿಯುತ್ತಿತ್ತು. ಆದರೆ ಇವನಿದ್ದಾನಲ್ಲ, ಇವನು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಚೆಂದ ಬಳಿದಿದ್ದೆ ಬಿಡು" ಎಂದು ಸಮುದ್ರಕ್ಕೆ ಎಸೆದು, ಸೋಮವಾರ ಹೋಗಿ ಸಹಿ ಮಾಡಿಬಿಡುವಂಥವನು. ಅವನ ಒಳ್ಳೆಯತನದಲ್ಲಿ ತಾನು ಇನ್ನೊಂದು ಒಂದೂವರೆ ವರ್ಷ ಆರಾಮಾಗಿ ಕೂರಬಹುದು. ಹೀರಾ ಅವನ ಕೈಯಿಂದ ಮಿಕ್ಸರನ್ನು ಕಿತ್ತುಕೊಂಡಳು.

"ಸಾಕು ನೋಡಿದ್ದು. ಸರಿ ಅದೆ. ನಿನ್ನ ಕೈ ಯಾವಾಗ್ಲೂ ಸರಿನೇ ಇತ್ತು, ತಲೆನೇ ಕೆಟ್ಟದ್ದು."

ಪೋಸ್ಟಾಫೀಸಿನ ಕೌಂಟರಿನಲ್ಲಿ ಕನ್ನಡಕದ ಹೆಂಗಸು ಲಕೋಟೆಯನ್ನು ತಕ್ಕಡಿಗೆ ಹಾಕಿ ಹುಬ್ಬೇರಿಸಿದಳು.

"ಒಳಗೆ ಎಂತ ಅದೆ? ಇಷ್ಟು ಭಾರ?"

"ತಾಮ್ರ."

"ದೇವರದ್ದಾ?"

"ಅಲ್ಲ ಬಾಯೋರೆ. ನಂದೇ."

"ಇದ್ರ ಬಾಯಿ ಅಂಟೇ ಇಲ್ವಲ್ಲ. ಹಿಂದೆ ಕಳ್ಸಿದವ್ರ ಹೆಸರು, ವಿಳಾಸ ಬೇಕು. ರಿಜಿಸ್ಟರ್ಡ್ ಅಂದ್ರೆ ಹೆಸರು ಇಲ್ದೆ ಆಗುದಿಲ್ಲ. ಅಲ್ಲಿ ಗೋಂದು ಅದೆ, ಪೆನ್ನು ಅದೆ."

ಗೋಂದಿನ ಬಾಟಲಿಯ ಪಕ್ಕ ನಿಂತು ಹೀರಾ ಪತ್ರವನ್ನು ಹೊರಗೆ ತೆಗೆದಳು. ದಾರಕ್ಕೆ ಕಟ್ಟಿದ ಪೆನ್ನು ಗಿಡ್ಡವಾಗಿ, ಎಮ್ಮೆಯ ಹಾಗೆ ಹಿಂದಕ್ಕೆ ಜಗ್ಗುತ್ತಿತ್ತು. "ಹಿತೈಷಿ" ಎಂಬುದನ್ನು ಹೊಡೆದುಹಾಕಿದಳು. ಎಷ್ಟು ದುಂಡಗೆ ಬರೆದಿದ್ದಳು ಆ ಪದವನ್ನು. ಅದರ ಕೆಳಗೆ, ಜಗ್ಗುವ ಪೆನ್ನಿನಿಂದ ಸೊಟ್ಟಸೊಟ್ಟಗೆ, "ಹೀರಾ, ಗುಂಡಿಗೆ ನೀರು ಹಾಕುವವಳು" ಎಂದು ಬರೆದಳು. ಸಾಲದೆನಿಸಿತು. "ಜಟ್ಟಪ್ಪ ಕೊಂಡಿ ಹಾಕಿದ್ದರು. ಬಿಚ್ಚಿ ಬಣ್ಣ ಬಳಿದದ್ದು ನಾನು. ಆಮೇಲೆ ಕದ್ದದ್ದೂ ನಾನು. ಕಪ್ಪು ಚುಕ್ಕೆ ನೋಡಿ. ಸೋಮವಾರ ನಾನೇ ಬಂದು ಹೇಳುತ್ತೇನೆ, ಎಲ್ಲರೂ ನಗಬಹುದು." ಕೊಂಡಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದಳು. ಒಂದು ಗೆರೆ ತಪ್ಪಿರಲಿಲ್ಲ, ಒಂದು ಹನಿ ಇಳಿದಿರಲಿಲ್ಲ. ಚೆಂದವೇ ಬಳಿದಿದ್ದಳು. ಒಳಗೆ ಹಾಕಿ, ಗೋಂದನ್ನು ಬೆರಳಿನಿಂದ ಎರಡು ಸಲ ಹಚ್ಚಿ, ಅಂಚಿಗೂ ಹಚ್ಚಿ, ಅಂಗೈಯಿಂದ ಒತ್ತಿದಳು.

ಕೌಂಟರಿನ ಬಾಯೋರು ಠಪ್ಪೆಂದು ಮುದ್ರೆ ಕುಟ್ಟಿದರು. "ಶನಿವಾರ ಮುಟ್ತದೆ."

"ಈಗ ತಿರುಗಿ ಕೊಡಿ ಅಂದ್ರೆ ಕೊಡ್ತ್ರಾ?"

"ಇಲ್ಲ. ಮುದ್ರೆ ಬಿತ್ತಲ್ಲ, ಇನ್ನು ಸರ್ಕಾರದ್ದು."

"ಹಂಗಾರೆ ಅಡ್ಡಿಲ್ಲ," ಎಂದಳು ಹೀರಾ. ಲಕೋಟೆ ಹಿಂದಿನ ಚೀಲಕ್ಕೆ ಬಿದ್ದಾಗ ಒಳಗಿನ ತಾಮ್ರ ಕಲ್ಲುನೆಲಕ್ಕೆ ತಾಗಿ ಸದ್ದು ಮಾಡಿತು.